ಘಟಪ್ರಭಾತೀರದ ಇಳಿದಾರಿಗಳು

ತೀರ್ಥಶಬ್ದವು ದಾಟುವುದೆಂಬ ಅರ್ಥದ ತೄ ಧಾತುವಿನಿಂದ ನಿಷ್ಪನ್ನವಾದುದು. ಮೊದಲು ಅದು ನೀರಿಗಿಳಿಯುವ, ಹೊಳೆಹಾಯುವ ಎಡೆಗೆ ಸಲ್ಲುತ್ತಿದ್ದು, ಬಳಿಕ ಪುಣ್ಯಕ್ಷೇತ್ರಕ್ಕೆ ರೂಢವಾಯಿತು. ಆದುದರಿಂದ ತೀರಕ್ಕೆ ಜನರು ಸೇರುವ ದಾರಿಗಳ ಗಣನೆಯು ಆಡಳಿತಕ್ಕೆಂತೋ ಚರಿತ್ರೆಗೂ ಅಂತೆಯೇ ಸೇರಿದುದು. ಕಡಲತೀರದ ಯೋಜನೆಗೆ 1991ರಿಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯ ಆಧಾರವುಂಟು. ಒಳನಾಡಿನ ಹೊಳೆದಂಡೆಗಳಿಗೆ ಅದು ಅನ್ವಯಿಸದು.

ಘಟಪ್ರಭೆಯಲ್ಲಿ ದಂಡೆಯೇ ಸ್ಥಿರವಾಗಿ ನಿಂತುದಿಲ್ಲ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ 1977ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಜಲಾಶಯವು ಹಳೆಯ ದಂಡೆಯನ್ನೂ ದಾರಿಗಳನ್ನೂ ಮುಳುಗಿಸಿತು; ಹುನ್ನೂರಿನ ವಿಠ್ಠಲದೇವಾಲಯವು ನೀರಿಳಿದಾಗ ಮಾತ್ರ ಕಾಣಿಸಿಕೊಳ್ಳುವುದು. ಧೂಪದಾಳದ ಒಡ್ಡಿನಿಂದ 1897ರ ಹೊತ್ತಿಗೆ ನೀರು ಕಾಲುವೆಗೆ ತಿರುಗಿತು. ಗೋಕಾಕದಲ್ಲಿ 52 ಮೀಟರು ಧುಮುಕುವ ಜಲಪಾತದ ಬಳಿ ಮಹಾಲಿಂಗೇಶ್ವರನ ಗುಡಿ, ಗಿರಣಿ, ತೂಗುಸೇತುವೆಗಳು ತಮ್ಮ ತಮ್ಮ ಹಕ್ಕನ್ನು ಸಾರುವುವು. ಹಿಂದೆ ಗೋಕಾಕಕ್ಕೆ ಸೇರಿದ್ದ ಮೂಡಲಗಿಯ ಕಡೆಯ ತೀರಗ್ರಾಮಗಳಿಗೆ 2019ರ ಆಗಸ್ಟಿನ ನೆರೆಯು ಇನ್ನೊಂದು ದಂಡೆಯನ್ನು ತೋರಿಸಿತು.

ಆದುದರಿಂದ ಇಳಿದಾರಿಗಳ ಪಟ್ಟಿಯನ್ನು ಒಂದೇ ದಿನದ ನೋಟದಿಂದ ಬರೆಯುವುದು ಸಾಧುವಲ್ಲ. ಶ್ರಾವಣದಲ್ಲಿ ನೀರನ್ನು ಮುಟ್ಟುವ ಮೆಟ್ಟಿಲು ಚೈತ್ರದಲ್ಲಿ ಬರಿಯ ಬಂಡೆಯ ಮೇಲೆ ಮುಗಿಯುವುದು. ಎರಡೂ ಋತುಗಳಲ್ಲಿ ಗ್ರಾಮಗ್ರಾಮದಲ್ಲಿಯೂ ಘಟ್ಟವೆಲ್ಲಿದೆ, ದಾರಿಯ ನೆಲವು ಯಾರದು, ದನಕರುಗಳಿಗೆ ಇಳಿಯಲು ಇಂಬುಂಟೆ ಎಂಬುವನ್ನು ಬರೆದಿಡಬೇಕು. ನದೀಪಾತ್ರವು ಸರಕಾರದ ಸ್ವತ್ತೆಂದು 1964ರ ಕರ್ನಾಟಕ ಭೂಕಂದಾಯ ಅಧಿನಿಯಮವು ಹೇಳುವುದು. ಅಲ್ಲಿಗೆ ಒಯ್ಯುವ ದಾರಿಯು ಕಡತದಲ್ಲಿಲ್ಲದಿದ್ದರೆ ಆ ಸ್ವತ್ತು ಜನರಿಗೆ ದಕ್ಕದು. ದಂಡೆಯಲ್ಲಿ ಹೊಲವುಳ್ಳವನು ತನ್ನ ದಾರಿಯನ್ನು ತಾನೇ ಕಾಯ್ದುಕೊಳ್ಳುವನು. ಹೊಲವಿಲ್ಲದವನಿಗೆ ಘಟ್ಟವೊಂದೇ ಗತಿ.