ಉಕ್ಕಿನ ಫಲಕ, ಕೆತ್ತನೆಗಾರನ ಕೈ: 1851ರ ಅಮೆರಿಕನ್ ಅಂಚೆಚೀಟಿಗಳ ಮುದ್ರಣಭೇದಗಳು

ಅಮೆರಿಕದ ಆರಂಭಕಾಲದ ಅಂಚೆಚೀಟಿಗಳ ಚರ್ಚೆ ಸಾಮಾನ್ಯವಾಗಿ 1847ರ ಜೋಡಿಯಿಂದ ತೊಡಗುತ್ತದೆ: ಐದು ಸೆಂಟಿನ ಫ್ರಾಂಕ್ಲಿನ್, ಹತ್ತು ಸೆಂಟಿನ ವಾಷಿಂಗ್ಟನ್. ಆ ದೇಶದ ಮೊದಲ ಸಾರ್ವತ್ರಿಕ ಅಂಚೆಚೀಟಿಗಳೆಂಬ ಗೌರವ ಅವಕ್ಕೆ ಸಲ್ಲಬೇಕಾದದ್ದೇ. ಆದರೆ ಮುದ್ರಣ ಚರಿತ್ರೆಯ ವಿದ್ಯಾರ್ಥಿಗೆ ಹೆಚ್ಚಿನ ಸಾಮಗ್ರಿ ಸಿಗುವುದು ಅವುಗಳ ಮುಂದಿನ ಸರಣಿಯಲ್ಲಿ. 1851ರ ಜುಲೈ 1ರಂದು ಅಂಚೆದರ ಇಳಿಯಿತು. ಅರ್ಧ ಔನ್ಸಿನೊಳಗಿನ ಕಾಗದಕ್ಕೆ ಮೊದಲೇ ಹಣ ಕಟ್ಟಿದರೆ ಮೂರು ಸಾವಿರ ಮೈಲಿಯವರೆಗೂ ಮೂರೇ ಸೆಂಟು; ಕಟ್ಟದಿದ್ದರೆ ಐದು. ಮೂರು ಸೆಂಟಿನ ಚೀಟಿಗೆ ಒಮ್ಮೆಲೇ ಅಪಾರ ಬೇಡಿಕೆ ಬಂತು. ಫಿಲಡೆಲ್ಫಿಯಾದ ಟಾಪನ್, ಕಾರ್ಪೆಂಟರ್, ಕ್ಯಾಸಿಲಿಯರ್ ಕಂಪನಿ ಆ ಬೇಡಿಕೆಯನ್ನು ಪೂರೈಸಲು ಒಂದರ ಮೇಲೊಂದು ಫಲಕ ತಯಾರಿಸಿತು, ಸವೆದ ಫಲಕಗಳನ್ನು ತಿದ್ದಿ ಮತ್ತೆ ಬಳಸಿತು. ಆ ತಿದ್ದುಪಡಿಗಳೇ ಇಂದು ನಾವು 'ಭೇದ' ಎಂದು ಗುರುತಿಸುವ ವ್ಯತ್ಯಾಸಗಳಾಗಿ ಉಳಿದಿವೆ. ಸಂಗ್ರಾಹಕರು ಇವನ್ನು ಬೆಲೆಯ ಕ್ರಮದಲ್ಲಿ ಜೋಡಿಸಿ ನೋಡುವುದೇ ಹೆಚ್ಚು. ಒಂದು ಕಾರ್ಖಾನೆಯ ಕೆಲಸದ ದಾಖಲೆಯೆಂದು ಓದಿದಾಗಲೇ ಇವು ಪೂರ್ತಿ ಅರ್ಥವಾಗುತ್ತವೆ ಎಂಬುದು ಈ ಲೇಖನದ ನಿಲುವು.

ತಯಾರಿಕೆಯ ಕ್ರಮವನ್ನು ಮೊದಲು ತಿಳಿಯಬೇಕು. ಮೆದು ಉಕ್ಕಿನ ತುಂಡಿನ ಮೇಲೆ ಕೆತ್ತನೆಗಾರ ಚಿತ್ರವನ್ನು ಒಮ್ಮೆ ಕೆತ್ತುತ್ತಾನೆ, ಇದು ಡೈ. ಅದನ್ನು ಕಾಯಿಸಿ ಗಟ್ಟಿಗೊಳಿಸಿ, ಅದರ ಮೇಲೆ ಮೆದು ಉಕ್ಕಿನ ಉರುಳೆಯನ್ನು ಭಾರೀ ಒತ್ತಡದಲ್ಲಿ ಹಿಂದಕ್ಕೂ ಮುಂದಕ್ಕೂ ಹೊರಳಿಸಿದರೆ ಕೆತ್ತನೆ ಉರುಳೆಯ ಮೇಲೆ ಉಬ್ಬುಚಿತ್ರವಾಗಿ ಏಳುತ್ತದೆ. ಉರುಳೆಯನ್ನೂ ಗಟ್ಟಿಗೊಳಿಸಿ, ದೊಡ್ಡ ಫಲಕದ ಮೇಲೆ ಒಂದೊಂದು ಸ್ಥಾನದಲ್ಲೂ ಅದೇ ರೀತಿ ಹೊರಳಿಸುತ್ತಾರೆ. ಒಂದು ಫಲಕದಲ್ಲಿ ಇನ್ನೂರು ಸ್ಥಾನ, ಎಡಕ್ಕೆ ನೂರು, ಬಲಕ್ಕೆ ನೂರು, ನಡುವೆ ಒಂದು ಗೆರೆ. ಡೈ ಒಂದೇ ಆದರೂ ಫಲಕದ ಮೇಲೆ ಅದು ಇನ್ನೂರು ಸಲ ಒತ್ತಲ್ಪಟ್ಟಿದೆ, ಪ್ರತಿ ಸಲವೂ ಒಬ್ಬ ಮನುಷ್ಯನ ಕಣ್ಣಳತೆ ಮತ್ತು ಕೈಬಲದಿಂದ. ಉರುಳೆ ಅರ್ಧಕ್ಕೆ ನಿಂತರೆ ಚಿತ್ರದ ಅಂಚು ಮೂಡುವುದಿಲ್ಲ. ಮೊದಲ ಒತ್ತು ಸರಿಬಾರದೆ ಮತ್ತೆ ಒತ್ತಿದರೆ ಗೆರೆಗಳು ಇಮ್ಮಡಿಯಾಗಿ ಕಾಣುತ್ತವೆ. ಮಸುಕಾದ ಗೆರೆಯನ್ನು ಕೆತ್ತನೆಗಾರ ಉಳಿ ಹಿಡಿದು ನೇರವಾಗಿ ಫಲಕದ ಮೇಲೆಯೇ ತಿದ್ದುತ್ತಾನೆ.

ಒಂದು ಸೆಂಟಿನ ನೀಲಿ ಫ್ರಾಂಕ್ಲಿನ್ ಚೀಟಿ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಮೇಲ್ಪಟ್ಟಿಯ ಹೊರಗೂ ಕೆಳಪಟ್ಟಿಯ ಹೊರಗೂ ಬಾಗಿದ ಗೆರೆಗಳಿವೆ. ಕೆಳತುದಿಯಲ್ಲಿ ಸುರುಳಿ ಅಲಂಕಾರ, ಆ ಸುರುಳಿಗಳ ಕೊನೆಗೆ ಪುಟ್ಟ ಗುಂಡುಗಳು. ಈ ಎಲ್ಲವೂ ಪೂರ್ಣವಾಗಿ ಉಳಿದ ಚೀಟಿಯನ್ನು ಮೊದಲ ಮಾದರಿ ಎನ್ನುತ್ತಾರೆ. ಎರಡನೆಯ ಮಾದರಿಯಲ್ಲಿ ಕೆಳಗಿನ ಗುಂಡುಗಳಿಲ್ಲ. ಮೂರನೆಯದರಲ್ಲಿ ಮೇಲಿನ ಮತ್ತು ಕೆಳಗಿನ ಬಾಗುಗೆರೆಗಳೆರಡೂ ನಡುವೆ ತುಂಡಾಗಿವೆ. ನಾಲ್ಕನೆಯದರಲ್ಲಿ ಬಾಗುಗೆರೆಗಳನ್ನು ಕೈಯಿಂದ ಮತ್ತೆ ಕೆತ್ತಲಾಗಿದೆ. ರಂಧ್ರವಿಲ್ಲದ ಚೀಟಿಗಳಲ್ಲಿ ಮೊದಲ ಮಾದರಿ ಸಿಗುವುದು ಒಂದೇ ಸ್ಥಾನದಿಂದ: ಮೊದಲ ಫಲಕದ ಆರಂಭಿಕ ಅವಸ್ಥೆಯಲ್ಲಿ ಬಲಭಾಗದ ಮೇಲಿನ ಸಾಲಿನ ಏಳನೆಯ ಚೀಟಿ. ಸಂಗ್ರಾಹಕರ ಸಂಕೇತದಲ್ಲಿ ಇದು 7ಆರ್1ಇ. ಇನ್ನೂರು ಚೀಟಿಗಳ ಹಾಳೆಗೆ ಒಂದೇ ಒಂದು. ಹರಾಜಿನಲ್ಲಿ ಅದರ ಬೆಲೆ ಏರಿರುವುದು ಸಹಜ. ಆದರೆ ಅದನ್ನು ಒಂಟಿಯಾಗಿ ಮೆಚ್ಚುವುದಕ್ಕಿಂತ, ಅದೇ ಸಾಲಿನ ಆರನೆಯ ಮತ್ತು ಎಂಟನೆಯ ಸ್ಥಾನಗಳ ಜೊತೆಯಲ್ಲಿಟ್ಟು ನೋಡುವುದು ಮುಖ್ಯ. ಆ ನೆರೆಯವರಲ್ಲಿ ಕೆಳಗಿನ ಸುರುಳಿ ಕೂದಲೆಳೆಯಷ್ಟು ಮಾತ್ರ ಅಪೂರ್ಣ. ಉರುಳೆ ಎಲ್ಲಿ ಪೂರ್ತಿ ಹೊರಳಿತು, ಎಲ್ಲಿ ಚೂರು ಹಿಂದೆ ನಿಂತಿತು ಎಂಬುದು ಅಲ್ಲಿ ಅಕ್ಕಪಕ್ಕದಲ್ಲೇ ಕಾಣುತ್ತದೆ.

1852ರಲ್ಲಿ ಇದೇ ಮೊದಲ ಫಲಕಕ್ಕೆ ಉರುಳೆಯಿಂದ ಮತ್ತೆ ಒತ್ತುಕೊಟ್ಟು, ಗೆರೆಗಳನ್ನು ಕೈಯಿಂದ ತಿದ್ದಿದರು. ಇನ್ನೂರರಲ್ಲಿ ನೂರತೊಂಬತ್ತೊಂಬತ್ತು ಸ್ಥಾನಗಳು ಹೀಗೆ ನಾಲ್ಕನೆಯ ಮಾದರಿಯಾದವು. ಬಲಭಾಗದ ನಾಲ್ಕನೆಯ ಸ್ಥಾನವೊಂದು ಮಾತ್ರ ತಿದ್ದುವ ಉಳಿಗೆ ಸಿಗದೆ ಉಳಿಯಿತು. ಮರೆತು ಬಿಟ್ಟರೋ, ಬೇಕೆಂದೇ ಬಿಟ್ಟರೋ, ಆ ಚೀಟಿಯೊಂದೇ ನಮಗೆ ಇರುವ ಸಾಕ್ಷಿ.

ಮೂರು ಸೆಂಟಿನ ವಾಷಿಂಗ್ಟನ್ ಚೀಟಿ ಇನ್ನೂ ಶ್ರೀಮಂತ. ಅಗ್ಗವಾಗಿ ಸಿಗುತ್ತದೆ ಎಂಬ ಕಾರಣಕ್ಕೇ ಹಲವರು ಇದನ್ನು ಕಡೆಗಣಿಸುತ್ತಾರೆ, ಇದು ನ್ಯಾಯವಲ್ಲ. ರಂಧ್ರವಿಲ್ಲದ ಕಾಲದ ಈ ಚೀಟಿಗೆ ಒಂಬತ್ತು ಫಲಕಗಳು. ಅವುಗಳಲ್ಲಿ ಕೆಲವನ್ನು ತಿದ್ದಿ ಮರುಬಳಸಿದ್ದರಿಂದ ಒಟ್ಟು ಹದಿಮೂರು ಅವಸ್ಥೆಗಳು, ಅಂದರೆ 2,600 ಸ್ಥಾನಗಳು. ಚೌಕಟ್ಟಿನ ಹೊರಗೆರೆಗಳನ್ನು ಎಲ್ಲ ಸ್ಥಾನಗಳಲ್ಲೂ ಕೈಯಿಂದ ತಿದ್ದಿದ್ದಾರೆ. ಒಳಗೆರೆಗಳನ್ನು ಕೆಲವೆಡೆ ಮಾತ್ರ. ಸಂಖ್ಯೆಯಿಲ್ಲದ, 'ಸೊನ್ನೆ' ಎಂದು ಕರೆಯುವ ಫಲಕದ ಎಡಭಾಗದ ನಲವತ್ತೇಳನೆಯ ಸ್ಥಾನದಲ್ಲಿ ಮೇಲಿನ ಎಡಮೂಲೆಯ ತ್ರಿಕೋನದೊಳಗೆ ಐದು ಗೆರೆಗಳನ್ನು ಮತ್ತೆ ಎಳೆದಿರುವುದು ಭೂತಗನ್ನಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕೈಬರಹದಂತೆ, ಇಲ್ಲಿ ಯಾವ ಎರಡು ಸ್ಥಾನಗಳ ತಿದ್ದುಗೆರೆಗಳೂ ಪೂರ್ತಿ ಒಂದೇ ಆಗಿರುವುದಿಲ್ಲ.

ಈ ಭಿನ್ನತೆಯ ಆಧಾರದ ಮೇಲೆ ಇಡೀ ಫಲಕಗಳನ್ನು ಪುನಾರಚಿಸಿದವರು ವೈದ್ಯರಾದ ಕ್ಯಾರಲ್ ಚೇಸ್. ಅವರ ಗ್ರಂಥ 1929ರಲ್ಲಿ ಪ್ರಕಟವಾಯಿತು. ಪ್ಲೇಟಿಂಗ್ ಎಂದು ಕರೆಯುವ ಈ ವಿಧಾನಕ್ಕೆ ಬಿಡಿ ಚೀಟಿ ಸಾಲದು. ಕತ್ತರಿಸದೆ ಉಳಿದ ಜೋಡಿ, ಪಟ್ಟಿ, ಗುಂಪುಗಳು ಬೇಕು. ಒಂದು ಜೋಡಿಯ ಬಲಚೀಟಿ ಮತ್ತೊಂದು ಜೋಡಿಯ ಎಡಚೀಟಿಯೊಡನೆ ಗೆರೆಗೆ ಗೆರೆ ಹೊಂದಿದರೆ ಮೂರು ಸ್ಥಾನಗಳ ಕ್ರಮ ಸಿದ್ಧವಾಗುತ್ತದೆ. ಹಾಳೆಯಂಚು, ನಡುಗೆರೆ, ಮುದ್ರಕರ ಹೆಸರು ಕಾಣುವ ತುಂಡು ಸಿಕ್ಕರೆ ಆ ಕ್ರಮ ಫಲಕದ ಯಾವ ಜಾಗಕ್ಕೆ ಸೇರಿದ್ದೆಂದು ನಿಶ್ಚಯವಾಗುತ್ತದೆ. ಒಂದು ಸೆಂಟಿನ ಚೀಟಿಗೆ ಇಂಥದೇ ಸೇವೆ ಸಲ್ಲಿಸಿದವರು ಸ್ಟ್ಯಾನ್ಲಿ ಆಶ್‌ಬ್ರೂಕ್. 1938ರ ಅವರ ಎರಡು ಸಂಪುಟಗಳ ಕೃತಿಯನ್ನು ಮಾರ್ಟಿಮರ್ ನೈನ್‌ಕೆನ್ 1972ರಲ್ಲಿ ಪರಿಷ್ಕರಿಸಿದರು. 1847ರ ಹತ್ತು ಸೆಂಟಿನ ಚೀಟಿಯ ಫಲಕವನ್ನು ಎಲಿಯಟ್ ಪೆರ್ರಿ ಹೀಗೆಯೇ ಮರುಜೋಡಿಸಿದ್ದರು. ಇವರ ಕೆಲಸವನ್ನು ಹವ್ಯಾಸ ಎಂದು ಬದಿಗಿಡುವ ಮುದ್ರಣ ಇತಿಹಾಸಕಾರರಿದ್ದರೆ, ಅವರು ಬಹಳ ದೊಡ್ಡ ಆಕರವೊಂದನ್ನು ಕಳೆದುಕೊಳ್ಳುತ್ತಿದ್ದಾರೆ.

ಕಾಲನಿರ್ಣಯದ ಕಷ್ಟ ಬೇರೆಯೇ. ಅಂದಿನ ಅಮೆರಿಕದ ಅಂಚೆಮುದ್ರೆಗಳಲ್ಲಿ ಊರು, ತಿಂಗಳು, ದಿನ ಇರುತ್ತಿದ್ದವು. ಇಸವಿ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಕಾಗದ ಪಡೆದ ವ್ಯಾಪಾರಿ ಅದರ ಮೇಲೆ ಬರೆದಿಟ್ಟ ಟಿಪ್ಪಣಿಯೋ, ಒಳಗಿನ ಪತ್ರದ ತಾರೀಖೋ ಇಸವಿ ಹೇಳಬೇಕು. ಹಾಗಾಗಿ ಚೀಟಿಯನ್ನು ಕವರಿನಿಂದ ನೀರಲ್ಲಿ ನೆನೆಸಿ ಬಿಡಿಸಿದಾಗಲೆಲ್ಲ ಒಂದು ತಾರೀಖು ನಾಶವಾಗುತ್ತದೆ. ಬಣ್ಣವೂ ಸಹಾಯಕ್ಕೆ ಬರುತ್ತದೆ: 1851ರ ಮೂರು ಸೆಂಟಿನ ಮೊದಲ ಮುದ್ರಣಗಳ ಕಿತ್ತಳೆಗಂದು ಬಣ್ಣ ಸೊನ್ನೆ ಫಲಕಕ್ಕೂ, ಒಂದು, ಎರಡು, ಐದನೆಯ ಫಲಕಗಳ ಆರಂಭಿಕ ಅವಸ್ಥೆಗಳಿಗೂ ಸೇರಿದ್ದು. ಆದರೆ ಬಿಸಿಲು, ತೇವಗಳಿಗೆ ಬಣ್ಣ ಬದಲಾಗುತ್ತದೆ, ಗೆರೆ ಬದಲಾಗುವುದಿಲ್ಲ. ಇವೆರಡರಲ್ಲಿ ವಿರೋಧ ಬಂದರೆ ಗೆರೆಯನ್ನೇ ನಂಬಬೇಕು.

1857ರಲ್ಲಿ ಚೀಟಿಗಳ ನಡುವೆ ರಂಧ್ರ ಹಾಕತೊಡಗಿದರು. ಹಳೆಯ ಫಲಕಗಳಲ್ಲಿ ಚೀಟಿಗಳ ನಡುವೆ ಅಂತರವೇ ಕಡಿಮೆ. ರಂಧ್ರಗಳು ಚಿತ್ರವನ್ನೇ ಕಡಿದುಕೊಂಡು ಹೋದವು. ಮುಂದೆ ಬಂದ ಹನ್ನೆರಡನೆಯ ಫಲಕದಲ್ಲಿ ಒಂದು ಸೆಂಟಿನ ಮೊದಲ ಮಾದರಿ ಮತ್ತೆ ಮೂಡಿತು, ಈ ಸಲ ರಂಧ್ರಸಹಿತವಾಗಿ ಮಾತ್ರ. ರಂಧ್ರಗಳನ್ನು ಕತ್ತರಿಸಿ ತೆಗೆದು ಅಂಥ ಚೀಟಿಯನ್ನು ದುಬಾರಿಯಾದ 7ಆರ್1ಇ ಎಂದು ತೋರಿಸಲು ಸಾಧ್ಯ. ಎರಡರಲ್ಲೂ ಸುರುಳಿ ಪೂರ್ಣ, ಗುಂಡುಗಳು ಪೂರ್ಣ. ಮಾದರಿಯ ವ್ಯಾಖ್ಯೆಯಷ್ಟೇ ಕೈಯಲ್ಲಿದ್ದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಅಂಚಿನ ಅಗಲ ಒಂದು ಸುಳಿವು ಕೊಡಬಹುದು, ತೀರ್ಪು ಕೊಡಲಾರದು. ತೀರ್ಪು ಕೊಡುವುದು ಆಶ್‌ಬ್ರೂಕ್ ಗುರುತಿಸಿ ಚಿತ್ರಿಸಿಟ್ಟ ಸ್ಥಾನಚಿಹ್ನೆಗಳು: ಬಲಭಾಗದ ಮೇಲಿನ ಸಾಲಿನ ಆ ಏಳನೆಯ ಸ್ಥಾನದ ಗುರುತುಗಳು ಚೀಟಿಯಲ್ಲಿ ಇವೆಯೇ, ಇಲ್ಲವೇ ಎಂಬುದು.