ಅಪವಾದ ಹೊತ್ತ ದ್ರವ

ಗಾಯ ತೊಳೆಯುವಾಗ ಬುಸಬುಸನೆ ನೊರೆಯೇಳುವ ಔಷಧವೊಂದನ್ನು ತಾವೆಲ್ಲರೂ ಕಂಡಿರಬಹುದು. ಕಂದು ಸೀಸೆಯಲ್ಲಿ ಬರುವ ಆ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅಸಲು ವಸ್ತು ನೂರಕ್ಕೆ ಸುಮಾರು 3 ಪಾಲು ಮಾತ್ರ, ಮಿಕ್ಕದ್ದೆಲ್ಲ ನೀರು. ಅದನ್ನೇ 85 ಪಾಲಿಗೇರಿಸಿ, ಶುದ್ಧಗೊಳಿಸಿ, ಬ್ರಿಟಿಷರು ಉಪಗ್ರಹವೊಂದನ್ನು ಕಕ್ಷೆಗೆ ಸೇರಿಸಿದರು.

1818ರಲ್ಲಿ ಫ್ರಾನ್ಸಿನ ಥೆನಾರ್ ಇದನ್ನು ಮೊದಲು ತಯಾರಿಸಿದ. ನೀರಿಗೆ ಆಮ್ಲಜನಕದ ಪರಮಾಣುವೊಂದು ಹೆಚ್ಚಾಗಿ ಅಂಟಿಕೊಂಡಂಥ ವಸ್ತುವಿದು. ಆ ಹೊರೆಯನ್ನು ಕಳಚಿ ಮತ್ತೆ ನೀರಾಗುವ ತವಕ ಅದಕ್ಕೆ ಸದಾ ಇದೆ. ಕಳಚುವಾಗ ಶಾಖ ಹೊಮ್ಮುತ್ತದೆ. ಆದಕಾರಣ ಇದನ್ನು ಶುದ್ಧವಾಗಿ ಇರಿಸುವುದು ಸಾಧ್ಯವಿಲ್ಲ, ಚಾಂಚಲ್ಯವೇ ಇದರ ಹುಟ್ಟುಗುಣ ಎಂಬ ಅಪವಾದ ಬಹುಕಾಲ ಉಳಿಯಿತು. 1894ರಲ್ಲಿ ಜರ್ಮನಿಯ ವೋಲ್ಫೆನ್‌ಸ್ಟೈನ್ ಗಾಳಿಯ ಒತ್ತಡ ತಗ್ಗಿಸಿ ಬಟ್ಟಿಯಿಳಿಸಿ, ಬಹುಮಟ್ಟಿಗೆ ಶುದ್ಧವಾದ ಪೆರಾಕ್ಸೈಡನ್ನು ಪಡೆದ. ತಪ್ಪು ಬಹುಪಾಲು ದ್ರವದ್ದಲ್ಲ, ಅದರಲ್ಲಿ ಅವಿತ ಲೋಹಗಳ ಕಣಗಳದ್ದು ಎಂದು ಆಗ ತಿಳಿಯಿತು.

ಇಲ್ಲಿಂದ ಮುಂದೆ ಕಥೆ ತೊಡಕಾಗುತ್ತದೆ. ಸಂಗ್ರಹದಲ್ಲಿ ಕೆಡದಿರಲೆಂದು ಇದಕ್ಕೆ ತವರದ ಅಥವಾ ಫಾಸ್ಫೇಟಿನ ಲವಣವನ್ನು ಬೆರೆಸುತ್ತಾರೆ. ಆದರೆ ರಾಕೆಟ್ಟಿನ ಎಂಜಿನ್ನಿನಲ್ಲಿ ಈ ದ್ರವ ಬೆಳ್ಳಿಯ ಜಾಲರಿಯ ಮೇಲೆ ಹಾದು, ಆ ಕ್ಷಣವೇ ಒಡೆದು, ಕಾದ ಉಗಿಯೂ ಆಮ್ಲಜನಕವೂ ಆಗಬೇಕು. ಸೀಸೆಯಲ್ಲಿ ಕಾವಲಾಗಿದ್ದ ಲವಣ ಇಲ್ಲಿ ಬೆಳ್ಳಿಗೆ ಅಂಟಿ, ಅದರ ಶಕ್ತಿಯನ್ನು ಕುಂದಿಸುತ್ತದೆ. ಆದ್ದರಿಂದ ಕಶ್ಮಲವನ್ನು ಮಾತ್ರವಲ್ಲ, ಕಾವಲುಗಾರನನ್ನೂ ಆದಷ್ಟು ಹೊರಗಟ್ಟಬೇಕಾಯಿತು! ಕಾವಲಿಲ್ಲದ ದ್ರವಕ್ಕೆ ಪಾತ್ರೆಯೂ ಪರಿಶುದ್ಧವಾಗಿರಬೇಕು. ಶುದ್ಧ ಅಲ್ಯೂಮಿನಿಯಮ್ಮನ್ನು ಅದಕ್ಕಾಗಿಯೇ ಆರಿಸಿದರು.

ಎಚ್ಚರ ತಪ್ಪಿದರೆ ಏನಾಗುವುದೆಂದು ಕಂಡದ್ದು 1955ರ ಜೂನ್ 16ರಂದು. ಇಂಗ್ಲೆಂಡಿನ ಪೋರ್ಟ್‌ಲೆಂಡ್ ಬಂದರಿನಲ್ಲಿ ‘ಸೈಡನ್’ ಜಲಾಂತರ್ಗಾಮಿಯೊಳಗೆ ಪೆರಾಕ್ಸೈಡಿನ ಟಾರ್ಪೆಡೋ ಸ್ಫೋಟಿಸಿ 13 ಮಂದಿ ಸತ್ತರು. ಅವರಲ್ಲಿ ಒಬ್ಬ ಇತರರನ್ನು ಉಳಿಸಲು ಒಳಹೋದ ವೈದ್ಯ. ಅಪವಾದ ಪೂರ್ತಿ ಸುಳ್ಳೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಆದರೂ 1971ರ ಅಕ್ಟೋಬರ್ 28ರಂದು ಆಸ್ಟ್ರೇಲಿಯದ ವೂಮೆರಾದಿಂದ ‘ಬ್ಲ್ಯಾಕ್ ಆರೋ’ ಹಾರಿತು. ಪೆರಾಕ್ಸೈಡಿನೊಡನೆ ಅದು ಉರಿಸಿದ್ದು ಸೀಮೆಎಣ್ಣೆಯನ್ನು. ಸೀಮೆಎಣ್ಣೆ ಉರಿದರೆ ಇಂಗಾಲಾಮ್ಲ ಬಂದೇ ಬರುತ್ತದೆ. ಹಾಗಾಗಿ ‘ಪರಿಸರಸ್ನೇಹಿ’ ಎಂಬ ಈಚಿನ ಬಿರುದನ್ನು ಅದಕ್ಕೆ ಪೂರ್ತಿಯಾಗಿ ಕೊಡಲಾರೆ. ಆದರೆ ಉಪಗ್ರಹಗಳಲ್ಲಿ ಬಳಕೆಗೆ ಬಂದ ಹೈಡ್ರಜೀನ್ ಎಂಬ ವಿಷವನ್ನು ತುಂಬಲು ಮೈಯೆಲ್ಲ ಮುಚ್ಚುವ ಉಡುಪು ತೊಟ್ಟು, ಕೊಳವೆಯ ಗಾಳಿ ಉಸಿರಾಡಬೇಕು. ಚೆಲ್ಲಿದ ಪೆರಾಕ್ಸೈಡನ್ನಾದರೋ ಧಾರಾಳವಾಗಿ ನೀರು ಹೊಯ್ದು ಸಾಗಹಾಕಬಹುದು.

ವಿಪರ್ಯಾಸವೆಂದರೆ, ಹಾರುವ ಮೊದಲೇ ಆ ಯೋಜನೆಯನ್ನು ಸರಕಾರ ರದ್ದುಪಡಿಸಿತ್ತು. ಸಿದ್ಧವಾಗಿದ್ದ ರಾಕೆಟ್ಟನ್ನು ಕಡೆಯದಾಗಿ ಹಾರಿಸಲು ಒಪ್ಪಿದರು, ಅಷ್ಟೆ. ಅದು ಹೊತ್ತೊಯ್ದ ‘ಪ್ರಾಸ್ಪೆರೋ’ ಕೆಲಸ ನಿಲ್ಲಿಸಿ ಎಷ್ಟೋ ಕಾಲವಾದರೂ ಇನ್ನೂ ಭೂಮಿಯನ್ನು ಸುತ್ತುತ್ತಿದೆ.