ಮಂಡಿಯ ಎಸಿಎಲ್ ಮರುರಚನೆ: ಕಸಿ ಬಿಗಿಯುವ ವಿಧಾನಗಳ ಇತಿಹಾಸ

ತೊಡೆಮೂಳೆಯಿಂದ ಕಣಕಾಲ ಮೂಳೆಗೆ ಓರೆಯಾಗಿ ಹಾದು, ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿದಿಡುವ ಅಸ್ಥಿರಜ್ಜು ಎಸಿಎಲ್. ಇದು ಹರಿದಾಗ ದೇಹದ ಬೇರೆಡೆಯಿಂದ ತೆಗೆದ ರಜ್ಜುವನ್ನು ಅದರ ಜಾಗದಲ್ಲಿ ಕಸಿ ಮಾಡುತ್ತಾರೆ. ಕಸಿ ಮೂಳೆಯೊಂದಿಗೆ ಬೆಸೆದುಕೊಳ್ಳಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ಅದನ್ನು ಅಲುಗದಂತೆ ಹಿಡಿಯುವ ಉಪಾಯಗಳೇ ಬಿಗಿತದ ವಿಧಾನಗಳು.

ಹೊಲಿಗೆಯ ಕಾಲ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮೇಯೊ ರಾಬ್ಸನ್ 1895ರಲ್ಲಿ ಗಣಿ ಕಾರ್ಮಿಕನೊಬ್ಬನ ಹರಿದ ರಜ್ಜುಗಳನ್ನು ಹೊಲಿದು ಕೂಡಿಸಿದರು. ಬ್ರಿಸ್ಟಲ್‌ನ ಹೇ ಗ್ರೋವ್ಸ್ 1917ರಲ್ಲಿ ಎರಡೂ ಮೂಳೆಗಳಲ್ಲಿ ಸುರಂಗ ಕೊರೆದು, ತೊಡೆಯ ಹೊರಬದಿಯ ಫೇಷಿಯಾ ಲೇಟಾ ಪಟ್ಟಿಯನ್ನು ಅವುಗಳಲ್ಲಿ ಹಾಯಿಸಿದರು. ಸುರಂಗದ ಈ ಕಲ್ಪನೆ ಇಂದಿಗೂ ಉಳಿದಿದೆ. ಮುಂದಿನ ದಶಕಗಳಲ್ಲಿ ಕಸಿಯ ತುದಿಯನ್ನು ಮೂಳೆಯ ಮೇಲ್ಪೊರೆಗೆ ಹೊಲಿಯುವುದು, ಸ್ಟೇಪಲ್ ಹೊಡೆಯುವುದು, ದಾರವನ್ನು ಗುಂಡಿಗೆ ಬಿಗಿಯುವುದು ರೂಢಿಯಲ್ಲಿದ್ದವು. ಇಂಥ ಹಿಡಿತವನ್ನು ನಂಬಿ ಕಾಲನ್ನು ಬೇಗ ಮಡಿಸುವಂತಿರಲಿಲ್ಲ. ಪ್ಲಾಸ್ಟರ್ ಅನಿವಾರ್ಯವಾಗಿತ್ತು, ಕೀಲು ಪೆಡಸಾಗುತ್ತಿತ್ತು.

ಸ್ಕ್ರೂ

1960ರ ದಶಕದಲ್ಲಿ ಕೆನೆತ್ ಜೋನ್ಸ್ ಮತ್ತು ಬ್ರೂಕ್ನರ್ ಮಂಡಿಚಿಪ್ಪಿನ ಕೆಳಗಿನ ರಜ್ಜುವನ್ನು ಮೂಳೆಯ ತುಣುಕಿನೊಂದಿಗೆ ಬಳಸತೊಡಗಿದರು. 1983ರಲ್ಲಿ ಅಮೆರಿಕದ ಕೆನೆತ್ ಲ್ಯಾಂಬರ್ಟ್, ಸುರಂಗದ ಗೋಡೆಗೂ ಮೂಳೆಯ ತುಣುಕಿಗೂ ನಡುವೆ 6.5 ಮಿ.ಮೀ. ಸ್ಕ್ರೂ ತಿರುಗಿಸಿ ಬೆಣೆಯಂತೆ ಕೂರಿಸುವ ಕ್ರಮವನ್ನು ವಿವರಿಸಿದರು. ಇದೇ ಇಂಟರ್‌ಫಿಯರೆನ್ಸ್ ಸ್ಕ್ರೂ ವಿಧಾನ. 1987ರಲ್ಲಿ ಕುರೋಸಾಕಾ ಮತ್ತು ಸಂಗಡಿಗರು ಮೃತದೇಹಗಳ ಮಂಡಿಗಳಲ್ಲಿ ಸ್ಟೇಪಲ್, ಗುಂಡಿ ಮತ್ತು ಸ್ಕ್ರೂಗಳನ್ನು ಎಳೆದು ಹೋಲಿಸಿದರು. ಅವರೇ ರೂಪಿಸಿದ 9 ಮಿ.ಮೀ. ಸ್ಕ್ರೂ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತಿತು. ಶಸ್ತ್ರಚಿಕಿತ್ಸೆಯಾದ ಹೊಸತರಲ್ಲಿ ಸೋಲುವುದು ಕಸಿಯಲ್ಲ, ಅದನ್ನು ಬಿಗಿದ ಜಾಗ ಎಂಬುದು ಈ ಪರೀಕ್ಷೆಯ ಮುಖ್ಯ ಪಾಠ. 1990ರಲ್ಲಿ ಶೆಲ್‌ಬೋರ್ನ್ ಪ್ರಚುರಪಡಿಸಿದ ತ್ವರಿತ ವ್ಯಾಯಾಮ ಕ್ರಮಕ್ಕೆ ಇಂಥ ಬಿಗಿತವೇ ಆಸರೆ.

ತೂಗುಗುಂಡಿ ಮತ್ತು ಅಡ್ಡಪಿನ್ನು

ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್ ರಜ್ಜುಗಳ ಬಳಕೆ ಹೆಚ್ಚಿದಂತೆ ಹೊಸ ತೊಡಕು ಎದುರಾಯಿತು: ಅವುಗಳ ತುದಿಯಲ್ಲಿ ಮೂಳೆಯಿಲ್ಲ, ಸ್ಕ್ರೂವಿನ ಅಂಚು ಎಳೆಗಳನ್ನು ಕೊಯ್ಯಬಹುದು. 1990ರ ದಶಕದಲ್ಲಿ ಥಾಮಸ್ ರೋಸೆನ್‌ಬರ್ಗ್ ರೂಪಿಸಿದ ಎಂಡೋಬಟನ್ ಎಂಬ ತೂಗುಗುಂಡಿ ಇದಕ್ಕೆ ಪರಿಹಾರವಾಯಿತು. ತೊಡೆಮೂಳೆಯ ಹೊರಮೈಗೆ ಅಡ್ಡಲಾಗಿ ಕೂರುವ ಪುಟ್ಟ ಲೋಹದ ಪಟ್ಟಿಯಿಂದ ಕಸಿ ಕುಣಿಕೆಯಲ್ಲಿ ತೂಗುತ್ತದೆ. ರಜ್ಜುವಿಗೆ ಅಡ್ಡಲಾಗಿ ತೂರಿಸುವ ಪಿನ್ನುಗಳೂ, ಕರಗುವ ಪಾಲಿಲ್ಯಾಕ್ಟಿಕ್ ಆಮ್ಲದ ಸ್ಕ್ರೂಗಳೂ ಈ ಕಾಲದವೇ.

ಹೋಲಿಕೆ

2003ರಲ್ಲಿ ಫಿನ್ಲೆಂಡಿನ ಕೌಸಾ ಮತ್ತು ಸಂಗಡಿಗರು ಹಂದಿಯ ಮೂಳೆಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಬಿಗಿತಗಳನ್ನು ಅಳೆದರು. ತೊಡೆಮೂಳೆಯ ಕಡೆ ಎಂಡೋಬಟನ್ 1086 ನ್ಯೂಟನ್, ರಿಜಿಡ್‌ಫಿಕ್ಸ್ ಅಡ್ಡಪಿನ್ನು 868, ಕರಗುವ ಬಯೋಸ್ಕ್ರೂ 589, ಲೋಹದ ಆರ್‌ಸಿಐ ಸ್ಕ್ರೂ 546 ನ್ಯೂಟನ್ ಬಲ ತಾಳಿದವು. ಆದರೆ ತಾಳಿಕೆಯೊಂದೇ ಅಳತೆಗೋಲಲ್ಲ. ತೂಗುಗುಂಡಿಯಲ್ಲಿ ಹಿಡಿತದ ಬಿಂದು ಕೀಲಿನಿಂದ ದೂರವಿರುವುದರಿಂದ ಕಸಿ ಸುರಂಗದಲ್ಲಿ ಹಿಂದುಮುಂದು ಅಲುಗಬಹುದು; ಸುರಂಗ ಅಗಲವಾಗುವುದಕ್ಕೆ ಇದೂ ಒಂದು ಕಾರಣವೆನ್ನುತ್ತಾರೆ. ಸ್ಕ್ರೂ ಕೀಲಿನ ಹತ್ತಿರವೇ ಹಿಡಿಯುತ್ತದೆ, ಆದರೆ ಮೆದು ಮೂಳೆಯಲ್ಲಿ ಅದರ ಪಟ್ಟು ಸಡಿಲ. ಲೋಹದ ಸ್ಕ್ರೂ ಎಂಆರ್‌ಐ ಚಿತ್ರವನ್ನು ಕೆಡಿಸುತ್ತದೆ. ಕರಗುವ ಸ್ಕ್ರೂ ಕೂರಿಸುವಾಗಲೇ ಮುರಿಯಬಹುದು, ಕರಗುವಾಗ ಸುತ್ತಲಿನ ಅಂಗಾಂಶವನ್ನು ಕೆರಳಿಸಬಹುದು.

ಬಿಗಿತಕ್ಕೆ ಅವಧಿಯೂ ಇದೆ. 1993ರಲ್ಲಿ ಸ್ಕಾಟ್ ರೋಡಿಯೋ ತಂಡ ನಾಯಿಗಳಲ್ಲಿ ನಡೆಸಿದ ಪ್ರಯೋಗದಲ್ಲಿ 8ನೇ ವಾರದವರೆಗೆ ಎಳೆದಾಗ ರಜ್ಜು ಸುರಂಗದಿಂದ ಕಿತ್ತುಬಂತು; 12ನೇ ವಾರಕ್ಕೆ ಅದು ಸುರಂಗದೊಳಗೆ ಕಚ್ಚಿಕೊಂಡಿತ್ತು. ಮೂಳೆಯ ತುಣುಕಿರುವ ಕಸಿ ಇದಕ್ಕಿಂತ ಬೇಗ ಬೆಸೆಯುತ್ತದೆ.

ಇಂದಿನ ಸ್ಥಿತಿ

ಪ್ರಯೋಗಾಲಯದ ಈ ದೊಡ್ಡ ಅಂತರಗಳು ರೋಗಿಗಳ ನಡಿಗೆಯಲ್ಲಿ, ಆಟದಲ್ಲಿ ಅಷ್ಟಾಗಿ ಕಾಣಲಿಲ್ಲ. ಲೋಹದ ಮತ್ತು ಕರಗುವ ಸ್ಕ್ರೂಗಳನ್ನು ಹೋಲಿಸಿದ 2016ರ ಕಾಕ್ರೇನ್ ವಿಮರ್ಶೆ ಮಂಡಿಯ ಕಾರ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಚಿಕಿತ್ಸೆಯ ವೈಫಲ್ಯ ಕರಗುವ ಸ್ಕ್ರೂಗಳಲ್ಲಿ ಹೆಚ್ಚೆಂದಿತು. ಹೀಗಾಗಿ ಆಯ್ಕೆ ಕಸಿಯ ಬಗೆ, ಮೂಳೆಯ ಗಟ್ಟಿತನ ಮತ್ತು ಶಸ್ತ್ರವೈದ್ಯರ ಅನುಭವವನ್ನು ಅವಲಂಬಿಸಿದೆ. ಮೂಳೆಯ ತುಣುಕಿರುವ ಕಸಿಗೆ ಎರಡೂ ಕಡೆ ಸ್ಕ್ರೂ, ಹ್ಯಾಮ್‌ಸ್ಟ್ರಿಂಗ್ ಕಸಿಗೆ ತೊಡೆಮೂಳೆಯಲ್ಲಿ ತೂಗುಗುಂಡಿ ಹಾಗೂ ಕಣಕಾಲ ಮೂಳೆಯಲ್ಲಿ ಸ್ಕ್ರೂ ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಜೋಡಿಗಳು.